ಉಲ್ಕಾಶಿಲೆಯೂ ಅಯಸ್ಕಾಂತವೂ

1865ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಬಿದ್ದ ಎರಡು ಉಲ್ಕಾಶಿಲೆಗಳನ್ನು ಇಲ್ಲಿ ನೆನೆಯೋಣ. ಒಂದು ಆಗಸ್ಟ್ 25ರಂದು ಬಿಹಾರದ ಗಯಾ ಜಿಲ್ಲೆಯ ಶೆರ್ಘಾಟಿಯಲ್ಲಿ ಬಿದ್ದುದು. ತೂಕ ಸುಮಾರು 5 ಕಿಲೋಗ್ರಾಂ. ಇನ್ನೊಂದು ಮೈಸೂರು ಸೀಮೆಯದು. ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದರ ಹೆಸರು ‘ಮುದ್ದೂರ್’. ಎರಡೂ ಕಲ್ಲುಗಳೇ. ಆದರೆ ವಿಜ್ಞಾನಿಗಳು ಅವನ್ನು ಬೇರೆ ಬೇರೆ ಪಂಕ್ತಿಗಳಲ್ಲಿ ಕೂರಿಸಿದ್ದಾರೆ.

ಮುದ್ದೂರಿನ ಕಲ್ಲು ‘ಎಲ್5’ ವರ್ಗದ ಕಾಂಡ್ರೈಟ್. ಕರಗಿ ಹನಿಯಾಗಿ ಗಟ್ಟಿಗೊಂಡ ಕಾಂಡ್ರೂಲ್‌ಗಳೆಂಬ ಸಣ್ಣ ಗುಂಡುಗಳು ಇಂತಹ ಕಲ್ಲಿನಲ್ಲಿ ಇರುತ್ತವೆ. ‘ಎಲ್’ ಎಂಬುದು ಕಬ್ಬಿಣ ಕಡಮೆಯೆಂಬುದರ ಸಂಕೇತ. 5 ಎಂಬ ಅಂಕಿ, ಮಾತೃಕಾಯದೊಳಗೆ ಕಲ್ಲು ಎಷ್ಟು ಬೆಂದಿತೆಂಬುದನ್ನು ತಿಳಿಸುವುದು. ಈ ಅಂಕಿಗಳ ಕ್ರಮವನ್ನು 1967ರಲ್ಲಿ ವ್ಯಾನ್ ಶ್ಮಸ್ ಮತ್ತು ವುಡ್ ಎಂಬವರು ರೂಪಿಸಿದರು. ಇಂತಹವುಗಳಿಗೆ ‘ಸಾಮಾನ್ಯ ಕಾಂಡ್ರೈಟ್’ ಎಂದು ಹೆಸರಿಟ್ಟಿರುವುದು ನಮಗೇನೋ ಸರಿತೋರದು. ಎಲ್ ವರ್ಗದ ಮಾತೃಕಾಯವು ಸುಮಾರು 47 ಕೋಟಿ ವರ್ಷಗಳ ಹಿಂದೆ ಭಾರಿ ಘರ್ಷಣೆಯಲ್ಲಿ ಒಡೆದುಹೋಯಿತು; ಅದರ ಚೂರುಗಳು ಸ್ವೀಡನ್ನಿನ ಪ್ರಾಚೀನ ಸುಣ್ಣಕಲ್ಲಿನಲ್ಲಿಯೂ ಹುದುಗಿವೆ.

ಶೆರ್ಘಾಟಿಯ ಕಲ್ಲಿನಲ್ಲಿ ಕಾಂಡ್ರೂಲ್‌ಗಳಿಲ್ಲ. 1872ರಲ್ಲಿ ಷೆರ್ಮಾಕ್ ಅದನ್ನು ವರ್ಣಿಸಿ, ಅದರೊಳಗಿನ ಗಾಜಿನಂತಹ ವಸ್ತುವಿಗೆ ‘ಮಾಸ್ಕೆಲಿನೈಟ್’ ಎಂದು ಹೆಸರಿಟ್ಟನು. ಶೆರ್ಗೊಟೈಟ್ ಎಂಬ ಚೀಟಿ ಹಚ್ಚಿಸಿಕೊಂಡು ಆ ಕಲ್ಲು ನೂರು ವರ್ಷಕ್ಕೂ ಮಿಕ್ಕಿ ಒಂದು ಒಗಟಾಗಿಯೇ ಉಳಿಯಿತು. ಕಡೆಗೆ ಅಂಟಾರ್ಕ್ಟಿಕದಲ್ಲಿ ದೊರೆತ ಇದೇ ಜಾತಿಯ ಇನ್ನೊಂದು ಕಲ್ಲಿನಲ್ಲಿ ಸೆರೆಸಿಕ್ಕಿದ್ದ ಅನಿಲವು, 1976ರಲ್ಲಿ ವೈಕಿಂಗ್ ನೌಕೆಗಳು ಅಳೆದ ಮಂಗಳನ ವಾಯುವನ್ನು ಹೋಲುತ್ತದೆಂದು 1983ರಲ್ಲಿ ಪ್ರಕಟವಾಯಿತು. ಆಗ ಶೆರ್ಘಾಟಿಯ ಕಲ್ಲಿನ ತವರೂ ತಿಳಿದಂತಾಯಿತು.

ವರ್ಗೀಕರಣವು ಕಲ್ಲಿಗೆ ಕೇಳುವ ಮೊದಲನೆಯ ಪ್ರಶ್ನೆ ಮಾತ್ರ. ಮುಂದಿನ ಪ್ರಶ್ನೆಗಳನ್ನು ಕೇಳತಕ್ಕವರು ಇನ್ನೂ ಹುಟ್ಟಿರಲಾರರು. ಆದ್ದರಿಂದಲೇ ನಾವು ಒಂದು ಅಭ್ಯಾಸವನ್ನು ವಿರೋಧಿಸುತ್ತೇವೆ. ಕಪ್ಪು ಕಲ್ಲೊಂದು ಸಿಕ್ಕಿದೊಡನೆ ಅದಕ್ಕೆ ಅಯಸ್ಕಾಂತವನ್ನು ತಾಗಿಸಿ ನೋಡುವುದು ವಾಡಿಕೆಯಾಗಿದೆ. ಭೌತವಿಜ್ಞಾನದ ಅಧ್ಯಾಪಕರಾದ ನಾವೇ ಇದನ್ನು ಹುಡುಗರಿಗೆ ಕಲಿಸುವುದುಂಟು!

ಈ ಪರೀಕ್ಷೆ ಮೊದಲಿಗೆ ನಂಬತಕ್ಕದ್ದಲ್ಲ. ಕುದುರೆಮುಖದ ಮ್ಯಾಗ್ನೆಟೈಟ್ ಅದಿರು ಅಯಸ್ಕಾಂತಕ್ಕೆ ಕೂಡಲೇ ಅಂಟೀತು. ಲೋಹದ ಕಬ್ಬಿಣವಿಲ್ಲದ ಮಂಗಳನ ಕಲ್ಲು ಅಷ್ಟಾಗಿ ಅಂಟದು. ಎರಡನೆಯದಾಗಿ, ಇದರಿಂದ ಆಗುವ ಹಾನಿಯನ್ನು ಸರಿಪಡಿಸಲಾಗದು. ಕಲ್ಲು ತಣ್ಣಗಾಗುವಾಗ ಸುತ್ತಲಿನ ಕಾಂತಕ್ಷೇತ್ರದ ದಿಕ್ಕು ಮತ್ತು ಬಲ ಅದರ ಖನಿಜಗಳಲ್ಲಿ ಅಚ್ಚೊತ್ತಿಕೊಳ್ಳುತ್ತವೆ. ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಹಳೆಯ ಅಚ್ಚು ಅಳಿದು ಹೊಸದು ಮೂಡುತ್ತದೆ. ಕೋಟ್ಯಂತರ ವರ್ಷ ಅಂತರಿಕ್ಷದಲ್ಲಿ ಉಳಿದುಬಂದುದು ಒಂದು ಕ್ಷಣದಲ್ಲಿ ಹೋಗುತ್ತದೆ.

ಇದು ಬರಿಯ ಭೀತಿಯಲ್ಲ. ಸಹಾರಾದಲ್ಲಿ ದೊರೆತ ‘ನಾರ್ತ್‌ವೆಸ್ಟ್ ಆಫ್ರಿಕಾ 7034’ ಎಂಬ ಮಂಗಳನ ಕಲ್ಲಿನಲ್ಲಿ 440 ಕೋಟಿ ವರ್ಷಕ್ಕೂ ಹಳೆಯ ಜಿರ್ಕಾನ್ ಹರಳುಗಳಿವೆ. ಮಂಗಳನಿಗೆ ಒಂದು ಕಾಲದಲ್ಲಿದ್ದು ಬಳಿಕ ಇಲ್ಲವಾದ ಕಾಂತಕ್ಷೇತ್ರದ ಸಾಕ್ಷ್ಯವನ್ನು ಅದು ನುಡಿಯಬಹುದಾಗಿತ್ತು. ಅದರ ಜೊತೆಯ ಕಲ್ಲುಗಳನ್ನು ಪರೀಕ್ಷಿಸಿದವರು, ಕೈಯಲ್ಲಿ ಹಿಡಿಯುವ ಅಯಸ್ಕಾಂತಗಳಿಂದ ಆ ಮುದ್ರೆ ಅಳಿದುಹೋಗಿದೆಯೆಂದು 2023ರಲ್ಲಿ ವರದಿ ಮಾಡಿದರು. ಅಯಸ್ಕಾಂತವನ್ನು ತಾಗಿಸಿದವರಲ್ಲಿ ದುರುದ್ದೇಶವೇನೂ ಇದ್ದಿರಲಾರದು.

ಕಲ್ಲು ಬಿದ್ದುದನ್ನು ಕಂಡವರು ಅದನ್ನು ತೊಳೆಯದೆ, ಒಡೆಯದೆ, ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಬಿದ್ದ ಸ್ಥಳವನ್ನೂ ವೇಳೆಯನ್ನೂ ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಲಿ. ತುರ್ತಾಗಿ ಗುರುತಿಸಲೇಬೇಕಾದರೆ, ಅತ್ಯಲ್ಪ ಕ್ಷೇತ್ರದಿಂದ ಕೆಲಸಮಾಡುವ ಕಾಂತಶೀಲತಾಮಾಪಕ ಉಂಟು. ಅದರಿಂದ ಹಳೆಯ ಮುದ್ರೆಗೆ ಅಪಾಯವಿಲ್ಲ. ಅದು ದೊರೆಯದ ಕಡೆ, ಶಾಲೆಯ ಲಾಳಾಕಾರದ ಅಯಸ್ಕಾಂತ ಪೆಟ್ಟಿಗೆಯಲ್ಲಿಯೇ ಇರಲಿ.