ನಗಿಸಿ ಹೇಳಿದ ಮಾತು

ನಗಿಸುವ ಚಲಚ್ಚಿತ್ರವು ಹೊತ್ತು ಕಳೆಯುವುದಕ್ಕೇ ಹೊರತು ವಿಚಾರಕ್ಕಲ್ಲ ಎಂಬ ಭಾವನೆ ವಿದ್ಯಾವಂತರೆನಿಸಿಕೊಂಡ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅತ್ತರೆ ಕಲೆ, ನಕ್ಕರೆ ಕಾಲಹರಣ ಎಂದು ತೀರ್ಮಾನಿಸಿಬಿಡುತ್ತೇವೆ. ಕೈಲಾಸಂ ಹುಟ್ಟಿದ ನಾಡಿನಲ್ಲಿ ಈ ಭಾವನೆ ಇನ್ನೂ ಉಳಿದಿರುವುದೇ ಸೋಜಿಗ. ಪರೀಕ್ಷೆಯ ಹಿಂದೆ ಓಡುವ ವಿದ್ಯೆಯ ಪೊಳ್ಳುತನವನ್ನು ‘ಟೊಳ್ಳುಗಟ್ಟಿ’ ನಾಟಕ ತೋರಿಸಿಕೊಟ್ಟದ್ದು ನಗಿಸಿಯೇ ಅಲ್ಲವೇ? ಅದೇ ಜಾಡಿನಲ್ಲಿ ಸಾಗಿದ ಒಂದು ಚಿತ್ರವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ರಿಷಬ್ ಶೆಟ್ಟಿಯವರು ನಿರ್ದೇಶಿಸಿ ೨೦೧೮ರಲ್ಲಿ ತೆರೆಗೆ ಬಂದ ಈ ಚಿತ್ರದ ಹೆಸರು ಶಾಲೆಯ ಬಾಗಿಲಿನ ಹಲಗೆಯನ್ನು ಓದಿದಂತಿದೆ: ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಅತ್ಯುತ್ತಮ ಮಕ್ಕಳ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಮಕ್ಕಳ ತುಂಟಾಟ, ಹರೆಯ ಇಣುಕುವ ಕಾಲದ ಪೆಚ್ಚು ಪ್ರೇಮ, ಮೇಷ್ಟರುಗಳ ಪೇಚಾಟ ಇವೆಲ್ಲ ಸೇರಿ ಪ್ರೇಕ್ಷಕನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತವೆ.

ಕಥೆ ನಡೆಯುವ ನೆಲದ ಹಿನ್ನೆಲೆ ತಿಳಿದರೆ ಈ ನಗೆಯ ತೂಕ ತಿಳಿಯುತ್ತದೆ. ಅಂದಿನ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು, ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ಮಂಜೇಶ್ವರದ ಗೋವಿಂದ ಪೈಗಳ ಸೀಮೆಯದು. ಕಯ್ಯಾರ ಕಿಞ್ಞಣ್ಣ ರೈಗಳು ಅದರ ವಿಲೀನೀಕರಣಕ್ಕಾಗಿ ಬಾಳಿಡೀ ದನಿಯೆತ್ತಿದರು. ಚಂದ್ರಗಿರಿ ನದಿಯ ಉತ್ತರಭಾಗ ಕನ್ನಡನಾಡಿಗೆ ಸೇರಬೇಕೆಂದು ಮಹಾಜನ ಆಯೋಗ ೧೯೬೭ರಲ್ಲಿ ಹೇಳಿದ್ದೂ ಕಾಗದದಲ್ಲೇ ಉಳಿಯಿತು. ಗಡಿ ಬದಲಾಯಿತು, ಮಕ್ಕಳ ಮನೆಮಾತು ಬದಲಾಗಲಿಲ್ಲ.

ಇಂಥ ಊರಿನ ಕನ್ನಡ ಶಾಲೆಗೆ ಗಣಿತ ಕಲಿಸಲು ಕನ್ನಡವರಿಯದ ಮೇಷ್ಟರೊಬ್ಬರು ಬರುತ್ತಾರೆ. ಅವರು ಹೇಳಿದ್ದು ಮಕ್ಕಳಿಗೆ ತಿಳಿಯದು. ಮಕ್ಕಳು ಹೇಳಿದ್ದು ಅವರಿಗೆ ತಿಳಿಯದು. ನಾವು ನಗುತ್ತೇವೆ. ನಕ್ಕು ಮುಗಿಸುವಷ್ಟರಲ್ಲಿ ಆ ಬೆಂಚಿನ ಮೇಲೆ ನಾವೇ ಕುಳಿತಂತಾಗುತ್ತದೆ. ಲೆಕ್ಕ ತಪ್ಪಿದ ಮಗುವನ್ನು ದಡ್ಡನೆನ್ನುತ್ತಾರೆ. ತಪ್ಪಿದ್ದು ಲೆಕ್ಕವಲ್ಲ, ಮಾತು ಎಂದು ಯಾರಿಗೂ ತೋರುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ನಮ್ಮ ಸಂವಿಧಾನದ ೩೫೦-ಎ ವಿಧಿ ಹೇಳುತ್ತದೆ. ಅದೂ ೧೯೫೬ರಲ್ಲೇ ಸೇರಿದ್ದು. ಆ ವಿಧಿಯ ಮೇಲೆ ಹತ್ತು ಭಾಷಣ ಕೇಳಿದರೂ ಮನಸ್ಸಿಗೆ ನಾಟದ ಸಂಗತಿಯನ್ನು ಈ ತರಗತಿಯ ಗೊಂದಲ ಕ್ಷಣಮಾತ್ರದಲ್ಲಿ ನಾಟಿಸುತ್ತದೆ. ಹಾಸ್ಯದ ಶಕ್ತಿ ಇದೇ. ಉಪದೇಶಕ್ಕೆ ಬಾಗಿಲು ಹಾಕಿಕೊಳ್ಳುವ ಮನಸ್ಸು ನಗೆಗೆ ತಾನಾಗಿ ತೆರೆದುಕೊಳ್ಳುತ್ತದೆ.

ಚಿತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಶಾಲೆಗೆ ಬೀಗ ಬಿದ್ದಮೇಲೆ ನೆರವನ್ನರಸಿ ಮೈಸೂರಿಗೆ ಹೋಗಿ ಅನಂತಪದ್ಮನಾಭರೆಂಬ ಹಿರಿಯರನ್ನು ಕರೆತರುತ್ತಾರೆ. ಅನಂತನಾಗ್ ಅವರ ಸೊಗಸಾದ ಅಭಿನಯವಿದ್ದರೂ ನ್ಯಾಯಾಲಯದ ವಾದ ತುಸು ಭಾಷಣವೇ ಆಗುತ್ತದೆ. ಮಲಯಾಳಿ ಪಾತ್ರಗಳನ್ನು ಇನ್ನಷ್ಟು ಸಹಾನುಭೂತಿಯಿಂದ ಚಿತ್ರಿಸಬಹುದಾಗಿತ್ತು. ಎಷ್ಟೆಂದರೂ ಆ ಮೇಷ್ಟರೂ ಆಜ್ಞೆಯ ಕಾಗದ ಹಿಡಿದು ಬಂದವರೇ, ತಪ್ಪು ಕಳುಹಿಸಿದವರದು.

ಆದರೆ ಚಿತ್ರ ನೋಡಿ ಹೊರಬಂದ ಮೇಲೆ ಕಾಡುವ ಪ್ರಶ್ನೆ ಕಾಸರಗೋಡಿನದಲ್ಲ, ನಮ್ಮದು. ಅಲ್ಲಿ ಕನ್ನಡ ಶಾಲೆಯ ಬೀಗ ತೆಗೆಸಲು ಮಕ್ಕಳು ಹೋರಾಡುತ್ತಾರೆ. ಇಲ್ಲಿ, ಕನ್ನಡವೇ ಆಡಳಿತಭಾಷೆಯಾದ ನಾಡಿನಲ್ಲಿ, ಯಾರ ಆಜ್ಞೆಯೂ ಇಲ್ಲದೆ ನಾವೇ ನಮ್ಮೂರಿನ ಸರ್ಕಾರಿ ಶಾಲೆಯನ್ನು ಬರಿದುಮಾಡುತ್ತಿದ್ದೇವೆ. ಗಡಿಯಾಚೆಯ ಅಧಿಕಾರಿಯನ್ನು ಕಂಡು ಸಿಟ್ಟಾಗುವ ನಾವು, ತಮ್ಮ ತಂಗಿಯರನ್ನು ಯಾವ ಶಾಲೆಗೆ ಸೇರಿಸಬೇಕೆಂದು ಮನೆಯಲ್ಲಿ ಮಾತು ಬಂದಾಗ ಸುಮ್ಮನಿರುತ್ತೇವೆ. ಸರ್ಕಾರಿ ಶಾಲೆಯ ಬೆಂಚಿನಿಂದಲೇ ಈ ಸರ್ಕಾರಿ ಕಾಲೇಜಿಗೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಆ ಶಾಲೆಯ ಪರವಾಗಿ ಒಂದು ಮಾತಾಡುವ ಋಣ ನಮ್ಮ ಮೇಲಿದೆ.

ಮಿತ್ರರು ಈ ಚಿತ್ರವನ್ನು ನೋಡಲಿ, ಮನಸಾರೆ ನಗಲಿ. ನಕ್ಕಮೇಲೆ ತಮ್ಮೂರಿನ ಶಾಲೆಯ ಕಡೆಗೊಮ್ಮೆ ಹೋಗಿಬರಲಿ.