ಸೋಲಾರ್ ಲೆಕ್ಕ: ಬಿಸಿಲು ಎಲ್ಲರದು, ತಾರಸಿ ಯಾರದು?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ‘ಪಿಎಂ ಸೂರ್ಯ ಘರ್’ ಯೋಜನೆ ಘೋಷಿಸಿದಾಗ ಎರಡು ಸಂಖ್ಯೆಗಳು ಎಲ್ಲರ ಕಿವಿಗೂ ಬಿದ್ದವು: ಒಂದು ಕೋಟಿ ಮನೆ, ತಿಂಗಳಿಗೆ 300 ಯೂನಿಟ್‌ವರೆಗೆ ಉಚಿತ ವಿದ್ಯುತ್. 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಿಗೆ ಈ ಲೆಕ್ಕ ಎಷ್ಟರ ಮಟ್ಟಿಗೆ ಹೊಂದುತ್ತದೆ? ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಗುಣಾಕಾರದ ಚಟ ಇನ್ನೂ ಬಿಟ್ಟಿಲ್ಲ. ಮಾಡಿಯೇ ನೋಡೋಣ.

1 ಕಿಲೋವ್ಯಾಟ್ ಪ್ಯಾನೆಲ್ ಮೇಲೆ ಒಂದು ಗಂಟೆ ಪೂರ್ತಿ ಬಿಸಿಲು ಬಿದ್ದರೆ 1 ಯೂನಿಟ್. ಬೆಂಗಳೂರಿನ ಒಂದು ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಸರಾಸರಿ ಐದು ಗಂಟೆಗೂ ಸ್ವಲ್ಪ ಹೆಚ್ಚಿನ ಪೂರ್ತಿ ಬಿಸಿಲು. ಶಾಖ, ಧೂಳು, ವೈರು, ಇನ್ವರ್ಟರ್ ಎಲ್ಲ ಸೇರಿ ಅದರಲ್ಲಿ ಕಾಲು ಭಾಗ ತಿನ್ನುತ್ತವೆ. ಉಳಿಯುವುದು ದಿನಕ್ಕೆ ಸುಮಾರು 4 ಯೂನಿಟ್. 3 ಕಿಲೋವ್ಯಾಟ್ ಅಂದರೆ 3×4×30, ತಿಂಗಳಿಗೆ 360. ಹಾಗಾಗಿ ಸರ್ಕಾರ ಹೇಳಿದ 300 ಸುಳ್ಳಲ್ಲ. ಆದರೆ ಇದು ವರ್ಷದ ಸರಾಸರಿ. ಮಾರ್ಚ್‌ನಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ 5 ಯೂನಿಟ್ ಹತ್ತಿರ ಬರುವುದು, ಮೋಡ ಕವಿದ ಜುಲೈನಲ್ಲಿ 3ರ ಆಸುಪಾಸಿಗೆ ಇಳಿಯುತ್ತದೆ.

ಇನ್ನೊಂದು ಷರತ್ತೂ ಇದರಲ್ಲಿ ಅಡಗಿದೆ: ತಾರಸಿ ಮೇಲೆ ನೆರಳೇ ಬೀಳಬಾರದು. ಹಳೇ ಬೆಂಗಳೂರಿನ ಕತೆ ಶುರುವಾಗುವುದು ಇಲ್ಲೇ. ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗ್ ಹೊತ್ತಿನಲ್ಲಿ ಬೆಳೆದ ಬಡಾವಣೆಗಳು. ಚಾಮರಾಜಪೇಟೆ ಅದಕ್ಕೂ ಹಿಂದಿನದು. ಒಂದು ಕಡೆ ದೊಡ್ಡ ಮರ, ಇನ್ನೊಂದು ಕಡೆ ಹಳೇ ಮನೆ ಕೆಡವಿ ಎದ್ದ ನಾಲ್ಕು ಮಹಡಿ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ಆ ಜಾಗದಲ್ಲಿ ಈಗಾಗಲೇ ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರ್, ಬಟ್ಟೆ ಒಣಹಾಕುವ ತಂತಿ ಇವೆ.

ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸುವುದರಿಂದ, ಒಂದರ ಮೇಲೆ ಬಿದ್ದ ನೆರಳು ಉಳಿದವುಗಳ ಉತ್ಪಾದನೆಯನ್ನೂ ಕೆಳಗೆಳೆಯಬಹುದು. ಬೆಳಗ್ಗೆ ಹತ್ತರವರೆಗೆ ಮರದ ನೆರಳು, ಮಧ್ಯಾಹ್ನ ಮೂರರ ಮೇಲೆ ಪಕ್ಕದ ಕಟ್ಟಡದ ನೆರಳು ಅಂದರೆ 360 ಯೂನಿಟ್ 220ಕ್ಕೆ ಇಳಿದರೆ ಅಚ್ಚರಿಯಿಲ್ಲ. ಸಬ್ಸಿಡಿ ಕಳೆದು ಕೈಯಿಂದ 1.2 ಲಕ್ಷ ಹೋಯಿತು, ಯೂನಿಟ್‌ಗೆ 6 ರೂಪಾಯಿ ಉಳಿಯಿತು ಅಂದುಕೊಳ್ಳಿ. ಬಯಲು ತಾರಸಿಯಲ್ಲಿ ಐದು ವರ್ಷದೊಳಗೆ ವಾಪಸ್ ಬರುವ ದುಡ್ಡಿಗೆ ಇಲ್ಲಿ ಏಳೂವರೆ ವರ್ಷ ಬೇಕು.

‘ಆ ಕೊಂಬೆ ಕಡಿಸಿಬಿಡಿ ಸಾರ್’ ಅನ್ನುವ ಸಲಹೆ ಹುಟ್ಟುವುದು ಆಗಲೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಕಾನೂನು ಹಾಗಿರಲಿ, ಇಡೀ ಬೀದಿಯನ್ನು ತಂಪಾಗಿಟ್ಟ ಮರವನ್ನು ಒಂದು ಮನೆಯ ಬಿಲ್ಲಿಗೋಸ್ಕರ ಕಡಿಯುವುದಕ್ಕೆ ಹಸಿರು ಇಂಧನ ಅಂತ ಹೆಸರಿಡಲಾಗದು.

ನೆರಳಿಗಿಂತ ದೊಡ್ಡ ಪ್ರಶ್ನೆ ರಾಜಕೀಯದ್ದು. 2023ರಲ್ಲಿ ಬಂದ ‘ಗೃಹಜ್ಯೋತಿ’ 200 ಯೂನಿಟ್ ಒಳಗಿನ ಮನೆಗಳ ಬಿಲ್ಲನ್ನು ಶೂನ್ಯ ಮಾಡಿತು. ಬಾಡಿಗೆದಾರರಿಗೂ ಅದು ಸಿಗುತ್ತದೆ. ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ ಸೋಲಾರ್‌ನಿಂದ ಉಳಿಸುವುದಕ್ಕೆ ಬಿಲ್ಲೇ ಇಲ್ಲ. ಹೀಗಾಗಿ ಸೋಲಾರ್ ಸಬ್ಸಿಡಿಯ ಲಾಭ ಹರಿಯುವುದು ಎಸಿ ಇಟ್ಟುಕೊಂಡ, ಸ್ವಂತ ತಾರಸಿ ಇರುವ, ಲಕ್ಷ ರೂಪಾಯಿ ಮುಂಗಡ ಹಾಕಬಲ್ಲ ಮನೆಗೆ. ಚಾಮರಾಜಪೇಟೆಯ ವಠಾರದಲ್ಲಿರುವವರಿಗೆ ತಾರಸಿಯ ಬೀಗದ ಕೈಯೂ ಸಿಗುವುದಿಲ್ಲ. ಗೃಹಜ್ಯೋತಿಯನ್ನು ‘ಬಿಟ್ಟಿ ಭಾಗ್ಯ’ ಅಂತ ಹಂಗಿಸುವವರು 78,000 ರೂಪಾಯಿಯ ಸಬ್ಸಿಡಿಯನ್ನು ಯಾವ ಹೆಸರಿಂದ ಕರೆಯುತ್ತಾರೆ?

ಹಾಗಂತ ಸೋಲಾರ್ ಬೇಡ ಅನ್ನುತ್ತಿಲ್ಲ. ಲೆಕ್ಕ ನೆಟ್ಟಗಿರಲಿ ಅಂತ ಅಷ್ಟೇ. ಸಿ-ಸ್ಟೆಪ್ ಸಂಸ್ಥೆ ಬೆಸ್ಕಾಂ ಜೊತೆಗೂಡಿ, ವೈಮಾನಿಕ ಲೈಡಾರ್ ಸಮೀಕ್ಷೆ ಆಧರಿಸಿ ಬೆಂಗಳೂರಿನ ತಾರಸಿಗಳ ಸಾಮರ್ಥ್ಯ ಅಂದಾಜಿಸುವ ‘ಕ್ರೆಸ್ಟ್’ ಎಂಬ ಸಾಧನ ರೂಪಿಸಿದೆ. ಅಂದರೆ ನೆರಳನ್ನು ಅಳೆಯುವ ವಿದ್ಯೆ ಊರಿನಲ್ಲೇ ಇದೆ. ತಿಂಗಳುವಾರು ಅಂದಾಜು, ನೆರಳಿನ ನಷ್ಟ ಎರಡನ್ನೂ ಬರೆಯದ ಕೊಟೇಶನ್‌ಗೆ ಸಬ್ಸಿಡಿ ಇಲ್ಲ ಎಂಬ ನಿಯಮ ಬರಲಿ. ಜೊತೆಗೆ, ಬೇರೆಲ್ಲೋ ಇರುವ ಬಯಲು ತಾರಸಿಯ ವಿದ್ಯುತ್ತನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವ ‘ವರ್ಚುವಲ್ ನೆಟ್ ಮೀಟರಿಂಗ್’ ವಠಾರದ ಮೀಟರಿನವರೆಗೂ ತಲುಪಲಿ. ದೆಹಲಿ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಮಾಡಿದೆ. ಸರ್ಕಾರಿ ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳ ಮೇಲೆ ಬೀಳುವ ಬಿಸಿಲು ಸಾರ್ವಜನಿಕರದ್ದೇ.

ನಿಮ್ಮ ಮನೆಗೆ ಏಜೆಂಟ್ ಬಂದರೆ ‘ಎಷ್ಟು ಕಿಲೋವ್ಯಾಟ್’ ಅಂತ ಕೇಳುವ ಮೊದಲು ‘ಜುಲೈನಲ್ಲಿ ಎಷ್ಟು ಯೂನಿಟ್’ ಅಂತ ಕೇಳಿ. ಮತ ಕೇಳಲು ಬಂದವರನ್ನು, ತಾರಸಿ ಇಲ್ಲದವರಿಗೆ ಎಷ್ಟು ಯೂನಿಟ್ ಅಂತ ಕೇಳಿ.