ಮಕ್ಕಳಿಗೆ ಅರ್ಧ ಕಥೆ ಹೇಳಬಾರದು

ಬೇಸಿಗೆಯ ರಜೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನೆಂಟರಿಷ್ಟರ ಮಕ್ಕಳು ಬಂದು ಸೇರುತ್ತಾರೆ. ರಾತ್ರಿ ಕಥೆ ಹೇಳುವ ಹಿರಿಯರಿಗೆ ಹಿಜ್ರತ್‌ಗಿಂತ ರೋಮಾಂಚಕ ಪ್ರಸಂಗ ಬೇರೊಂದಿಲ್ಲ. ಬೆನ್ನಟ್ಟಿ ಬರುವ ಶತ್ರುಗಳು, ಸೌರ್ ಗುಹೆ, ಸೊಂಟಪಟ್ಟಿಯನ್ನು ಹರಿದು ಬುತ್ತಿ ಕಟ್ಟಿದ ಅಸ್ಮಾ(ರ). ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಆದರೆ ನಮ್ಮದೇ ರಾಜ್ಯದಲ್ಲಿ ಪ್ರಾಣ ಉಳಿಸಿಕೊಳ್ಳಲು ಊರು ತೊರೆದ ಕುಟುಂಬಗಳ ಕಥೆಯನ್ನು ನಾವು ಅವರಿಗೆ ಹೇಳಿದ್ದೇವೆಯೇ?

1948ರಲ್ಲಿ ಈ ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು; ಬೀದರ್, ಕಲಬುರಗಿಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಒಂದು ದಲಿತ ಕುಟುಂಬದ ತಾಯಿ ಮತ್ತು ಮಗಳು ಬಲಿಯಾದರು. ಬದುಕುಳಿದ ತಂದೆ ತನ್ನ ಪುಟ್ಟ ಮಗನೊಂದಿಗೆ ಊರು ಬಿಟ್ಟರು. ಆ ಬಾಲಕನೇ 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದ ಮಲ್ಲಿಕಾರ್ಜುನ ಖರ್ಗೆ.

2024ರ ನವೆಂಬರ್‌ನಲ್ಲಿ, ಮಹಾರಾಷ್ಟ್ರದ ಚುನಾವಣಾ ಪ್ರಚಾರದಲ್ಲಿ, ಯೋಗಿ ಆದಿತ್ಯನಾಥ್ ಈ ದುರಂತವನ್ನು ಎತ್ತಿ ಮುಸ್ಲಿಮರತ್ತ ಬೊಟ್ಟು ಮಾಡಿದರು. ಆಗ ಪ್ರಿಯಾಂಕ್ ಖರ್ಗೆ, ಕೃತ್ಯ ರಜಾಕಾರರದ್ದು, ಇಡೀ ಸಮುದಾಯದ್ದಲ್ಲ ಎಂದು ಉತ್ತರಿಸಿದರು. ಅಜ್ಜಿಯನ್ನು ಕಳೆದುಕೊಂಡ ಮನೆಯಿಂದ ಬಂದ ಈ ನ್ಯಾಯಪ್ರಜ್ಞೆಯನ್ನು ನಾವು ಮರೆಯಬಾರದು.

1948ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸೇನೆ ಹೈದರಾಬಾದನ್ನು ಪ್ರವೇಶಿಸಿತು. ಅನಂತರ ಓಡುವ ಸರದಿ ಮುಸ್ಲಿಮರದ್ದಾಯಿತು. ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯರು ಸೇಡಿಗೆ ಗುರಿಯಾದರು. ನೆಹರೂ ಸರಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ತಂಡ, ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್ ಮತ್ತು ಕಲಬುರಗಿ ಸೇರಿದ್ದವು. ಆ ವರದಿ ದಶಕಗಳ ಕಾಲ ಕತ್ತಲೆಯಲ್ಲೇ ಉಳಿಯಿತು. ಪ್ರಾಣವನ್ನೇ ಪಣಕ್ಕಿಟ್ಟು ನೆರೆಯ ಮುಸ್ಲಿಮರನ್ನು ರಕ್ಷಿಸಿದ ಹಿಂದೂಗಳ ಉಲ್ಲೇಖವೂ ಅದರಲ್ಲಿದೆ.

ಸಮಸ್ಯೆ ಇರುವುದು ಇಲ್ಲಿಯೇ. ಕೆಲವು ಮನೆಗಳಲ್ಲಿ ಮೊದಲ ಓಟದ ಕಥೆ ಮಾತ್ರ ಉಳಿದಿದೆ. ನಮ್ಮ ಮನೆಗಳಲ್ಲಿ ಎರಡನೆಯದು ಮಾತ್ರ. ಎರಡೂ ಸತ್ಯವೇ. ಆದರೆ ಅರ್ಧ ಸತ್ಯವನ್ನು ಉಂಡು ಬೆಳೆದ ಮಗು, ಶಾಲೆಯಲ್ಲಿ ಅದೇ ಬೆಂಚಿನಲ್ಲಿ ಕುಳಿತ ಗೆಳೆಯನನ್ನು ಅನುಮಾನದಿಂದ ನೋಡಲು ಕಲಿಯುತ್ತದೆ. ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯಪಾಲನೆಗೆ ಅಡ್ಡಿಯಾಗಬಾರದೆಂಬುದು ಪವಿತ್ರ ಕುರ್‌ಆನಿನ (5:8) ಆದೇಶ. ನಮ್ಮವರು ಎಸಗಿದ ಅನ್ಯಾಯವನ್ನು ಅನ್ಯಾಯವೆಂದು ಕರೆಯಲು ಹಿಂಜರಿಯುವವರಿಗೆ, ನಮಗಾದ ಅನ್ಯಾಯದ ಕುರಿತು ಮಾತನಾಡುವ ನೈತಿಕ ಬಲ ಎಲ್ಲಿಂದ ಬಂದೀತು?

ಇದಕ್ಕೆ ಮಾದರಿಗಾಗಿ ದೂರ ಹೋಗಬೇಕಿಲ್ಲ. ರಜಾಕಾರರ ವಿರುದ್ಧ ನಿರ್ಭಯವಾಗಿ ಬರೆದುದಕ್ಕಾಗಿ 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ನಮ್ಮ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು?

ಈ ರಜೆಯಲ್ಲಿ ಹಿಜ್ರತ್‌ನ ಕಥೆಯ ಜೊತೆಗೆ ವರವಟ್ಟಿಯ ಬಾಲಕನ ಕಥೆಯನ್ನೂ, ಬೀದರಿನ ಮುಸ್ಲಿಮರ ಕಥೆಯನ್ನೂ, ಶೋಯೆಬುಲ್ಲಾರ ಕಥೆಯನ್ನೂ ಹೇಳೋಣ. ಓಡಿದವರ ಧರ್ಮ ಯಾವುದೆಂದು ಕೇಳುವುದಕ್ಕೆ ಮುನ್ನ, ಅವರಿಗೆ ಬಾಗಿಲು ತೆರೆದವರು ಯಾರೆಂದು ನಮ್ಮ ಮಕ್ಕಳು ಕೇಳುವಂತಾಗಲಿ.